ಕುಂತ ಎತ್ತರದ ಮನಿ

ಅಲ್ಲೇನ್ ನೋಡಾಕತ್ತಿ ಇರಣ್ಣ, ಆ ಮೂಲ್ಯಾಗ ಏನಿಲ್ಲ. ಇತ್ತಾಗ ನೋಡು, ಒಲಿ ಕಡೆ. ತಡಿ, ಕುರ್ಚಿ ನಾ ತಿರಗಸ್ತೀನಿ... ಇಲ್ಲ, ಬ್ಯಾಡ, ನೀನ ತಿರಗಿಸು. ಆ ತರಬೇತಿ ಕೇಂದ್ರದಾಗ ಇಷ್ಟು ದಿನ ಇದ್ದು ಇದನ್ನ ಕಲತು ಬಂದೀಯಲ್ಲ. ಹಾಂ. ನೋಡಿದ್ಯಾ, ಗಾಲಿ ಎಲ್ಲೂ ತಾಗಲಿಲ್ಲ. ಮದ್ಲ ಈ ಖೋಲ್ಯಾಗ ನೀ ಒಂದ ಸುತ್ತು ತಿರಗಬೇಕಂದ್ರ ನಾ ಮಂಚ ಎತ್ತಿ ಗ್ವಾಡಿಗೆ ನಿಂದ್ರಸಬೇಕಾಗತಿತ್ತು.

ಯಾಕ ನಗತಿ? ಬಣ್ಣ ಕಂಡಾ? ನಗು, ನಗು. ನನಗೂ ಮದ್ಲ ನಗೀನ ಬಂದಿತ್ತು. ಯಾರರ ಅಡಗಿಮನಿಗೆ ಗಿಳಿ ಹಸರು ಬಳೀತಾರೇನು? ಮಾರತ್ತಹಳ್ಳಿ ಕಡೆ ಯಾವದೋ ಫ್ಲಾಟಿನವರು ಹಟ ಹಿಡದು ಮಾಡಸಿದ್ದು ಇದು. ಎಲ್ಲಾ ಫಿಟ್ ಮಾಡಿ ಮುಗಿಸಿದ ಮ್ಯಾಲ ಆ ಮನಿಯವರು ನೋಡಿ, ಕಂಪ್ಯೂಟರದಾಗ ಹಿಂಗ ಕಾಣಸ್ತಿರಲಿಲ್ಲ, ತಗೊಂಡ ಹೋಗ್ರಿ ಅಂದ್ರಂತ. ಬಂದು ನಮ್ಮ ಕಪಾಟು ಮಾಡೂ ಫ್ಯಾಕ್ಟರಿ ಹಿಂದ ತಾಡಪಾಲ ಹೊಚಗೊಂಡು ಬಿದ್ದಿತ್ತು. ದಿವ್ಯಾ ಮೇಡಂ ಮಾಲಕರ್ನ ಕೇಳಿ ಇಸಕೊಟ್ರು. ನೆನಪೈತಲ್ಲ ದಿವ್ಯಾ ಮೇಡಂ? ಡಿಸೈನ್ ಮಾಡೂವರು. ಒಮ್ಮೆ ಮನಿಗೆ ಬಂದು ನಿನ್ನ ಕುರ್ಚಿ ಇಸಕೊಂಡು ಕುಂತಿದ್ರಲ್ಲ, ಅವರ.

ಮುಂದ ಹೋಗು. ಇನ್ನೂ ಮುಂದ. ಮಣಕಾಲು ಬಡೀತಾವು ಅಂತ ಅಂಜಬ್ಯಾಡ, ಕಟ್ಟಿ ಕೆಳಗ ಖಾಲಿ ಬಿಟ್ಟೀವಿ. ಕುರ್ಚಿ ಸೀದಾ ಒಳಗ ಹೊಕ್ಕತೈತಿ. ಬಂತಲ್ಲ, ಪಾತೇಲಿ ಒಳಗ ಏನೈತಿ ಅಂತ ಕುಂತಲ್ಲೇ ಕಾಣತೈತಿ ಈಗ. ಒಲಿ ಹಚ್ಚೂದು ಆರಸೂದು ಎಲ್ಲಾ ಮುಂದನ ಐತಿ, ಬೆಂಕಿ ಮ್ಯಾಲಿಂದ ಕೈ ಚಾಚೂದಿಲ್ಲ. ಈಗ ಬಲಗಡೆ ಡ್ರಾವರ್ ತಗಿ. ಹಿಡಿಕಿ ಹುಡಕಬ್ಯಾಡ, ಹಿಡಿಕಿ ಇಲ್ಲ ಅದಕ್ಕ. ಬೆರಳಿಲೆ ಒತ್ತು. ತಾನ ಹೊರಗ ಬಂತು ನೋಡು. ಈಗಿನ ಮನಿಗಳಾಗ ಹಿಡಿಕಿ ಇಡಸೂದಿಲ್ಲ ಮಂದಿ. ಬೋಳ ಗ್ವಾಡಿಹಂಗ ಕಾಣಬೇಕಂತ, ಅದ ಚಂದಂತ. ದಿನಾ ಅಂಥಾವು ನನ್ನ ಕೈಯಾಗ ಹಾದು ವೈಟ್‌ಫೀಲ್ಡಿಗೆ ಹೊಕ್ಕಾವು. ನನಗ ಅವನ್ನ ಕಂಡಾಗೆಲ್ಲಾ ನಿನ್ನ ಎಡಗೈ ನೆನಪಾಗತಿತ್ತು. ಮಣಿಕಟ್ಟು ಮುರದಾಗಿಂದ ಬಿಗಿಯಾಗಿ ಹಿಡ್ಯಾಕ ಬರಂಗಿಲ್ಲಲ್ಲ ನಿನಗ ಆ ಕೈಲೆ. ಒತ್ತಾಕ ಬರತೈತಿ.

ಮ್ಯಾಲ ನೋಡು. ಆ ಕೋಲು ಹಿಡದು ಜಗ್ಗು. ಮೆಲ್ಲಕ. ಶೆಲ್ಫ ಪೂರಾ ಕೆಳಗ ಬಂತಲ್ಲ ನಿನ್ನ ಮಾರಿ ಮುಂದ. ಕೈ ಬಿಟ್ರ ತಾನ ಮ್ಯಾಲ ಹೊಕ್ಕತೈತಿ, ದಪ್ಪಂತ ಬಡ್ಯಂಗಿಲ್ಲ. ಅಕ್ಕಿ, ಬ್ಯಾಳಿ, ಸಕ್ರಿ, ಚಾಪುಡಿ. ಹೌದು, ಎಲ್ಲಾ ಸಣ್ಣ ಸಣ್ಣ ಡಬ್ಬಿ. ದೊಡ್ಡವು ಯಾಕ ಬೇಕು, ಎಷ್ಟ ಮಂದಿಗೆ ಅಂತ... ಅಂದ್ರ, ಇಬ್ಬರಿಗೆ ಎಷ್ಟ ಬೇಕಾಗತೈತಿ.

ಚಲೋ ಆಗೇತಿ ಅಂತ ಒಂದ ಮಾತು ಅನ್ನೋ.

ಇದು ಯಾಕ ಶುರು ಆತು ಅಂತ ನಿನಗ ಗೊತ್ತೈತಿ. ಆ ಜ್ವರದಿಂದ. ಮಾರಿ ತಿರವಬ್ಯಾಡ, ಇವತ್ತ ಆ ಮಾತು ಆಡಾಕಿನ ನಾನು. ನೀ ವೈಟ್‌ಫೀಲ್ಡಿನ ಬಿಲ್ಡಿಂಗಿನಾಗ ಕಟ್ಟಿಗಿ ಸಾರ್ವಿ ಮ್ಯಾಲಿಂದ ಬಿದ್ದಾಗ, ಸ್ವಂಟದ ಕೆಳಗ ಇನ್ನ ಸ್ಪರ್ಶ ಬರಂಗಿಲ್ಲ ಅಂತ ಡಾಕ್ಟರು ಅಂದಾಗ, ಆಗ ಸೈತ ನಾ ಅಷ್ಟು ಅಂಜಿರಲಿಲ್ಲ. ಜೀವ ಐತಲ್ಲ ಸಾಕು ಅನಕೊಂಡಿದ್ದೆ. ಆ ಜ್ವರದಾಗ ಅಂಜಿದೆ. ಪಾಳಿ ಮುಗಿಸಿ ಬಂದು ನೋಡತೀನಿ, ಮೈ ಕೆಂಡ ಆಗೇತಿ. ನನ್ನ ಗುರತ ಹಿಡೀಲಿಲ್ಲ ನೀ. ಅವ್ವಾ ಅಂತ ಕರದಿ. ಸತ್ತು ಹೋದ ಅವ್ವನ್ನ ಕರದಿ.

ಆಸ್ಪತ್ರ್ಯಾಗ ಡಾಕ್ಟರು ನನ್ನ ಬೈದ್ರು, ಮೂತ್ರಕೋಶಕ್ಕ ಸೋಂಕು ಏರೇತಿ, ಇವನಿಗೆ ನೀರು ಕೊಡೂದಿಲ್ಲೇನು ಅಂತ. ನಾ ದಿನಾ ಬಾಟ್ಲಿ ತುಂಬಿಸಿಟ್ಟು ಹೋಗತಿದ್ದೆ. ಬರೂದರಾಗ ಖಾಲಿ ಇರತಿತ್ತು. ಖುಷಿ ಪಡತಿದ್ದೆ ನಾನು, ತಮ್ಮ ನೀರು ಕುಡೀತಾನ ಅಂತ. ಆಮ್ಯಾಲ ಮನಿ ಮಾಲಕರ ಹೆಂಡತಿ ಕೃಷ್ಣಮ್ಮಾರು ಹೇಳಿದ್ರು. "ಅಯ್ಯೋ, ಅವ್ನು ಬಾಟ್ಲಿ ನೀರ್ನ ಕಿಟಕಿಯಿಂದ ನನ್ನ ಕರಿಬೇವಿನ ಗಿಡಕ್ಕೆ ಉಯ್ತಿದ್ದ ಕಣಮ್ಮ. ಎಂಥ ಒಳ್ಳೆ ಉಡುಗ ಅಂದ್ಕೊಂಡಿದ್ದೆ ನಾನು" ಅಂದ್ರು.

ನಿನ್ನ ಕೇಳಿದ್ರ, ನನಗ ನೀರಡಿಕಿ ಆಗೂದಿಲ್ಲಕ್ಕ ಅಂದಿ. ಬ್ಯಾಸಗ್ಯಾಗ, ಈ ತಗಡಿನ ಬಿಸಿಲಾಗ, ನೀರಡಿಕಿ ಆಗೂದಿಲ್ಲಂತ. ಕುಡದ್ರ ಸಂಡಾಸಕ್ಕ ಹೋಗಬೇಕು. ಆ ಬಾಗಲದಾಗ ಕುರ್ಚಿ ಹಿಡ್ಯಂಗಿಲ್ಲ. ಹಾಸಗಿ ಕೆಟ್ರ ದುಡದು ಬಂದ ಅಕ್ಕ ಒಗೀಬೇಕು. ಅದಕ್ಕ ಕುಡೀಲಿಲ್ಲ. ನನ್ನ ಕೈಗೆ ಕೆಲಸ ಕಡಿಮಿ ಆಗಲಿ ಅಂತ ನೀ ಸಾಯಾಕ ಹೊಂಟಿದ್ದಿ, ಮತ್ತ ಸಂಜಿಗೆ ನಾ ಬಂದಾಗ ನಕ್ಕೋಂತ ಚಾ ಕೇಳತಿದ್ದಿ.

ಮರುದಿನ ನಾ ಮಷಿನ್ ಮುಂದ ನಿಂತು ಅತ್ತೆ. ಬೋರ್ಡಿನ ಅಂಚಿಗೆ ಪಟ್ಟಿ ಅಂಟಸೂ ಮಷಿನು, ಬಿಸಿ ಅಂಟಿನ ಹೊಗಿ ಕಣ್ಣಿಗೆ ಬಡೀತೈತಿ, ಯಾರಿಗೂ ಗೊತ್ತಾಗೂದಿಲ್ಲ ಅನಕೊಂಡಿದ್ದೆ. ದಿವ್ಯಾ ಮೇಡಂಗ ಗೊತ್ತಾತು. ಸಂಜಿಗೆ ತಮ್ಮ ಗಾಡಿ ಹಿಂದ ನನ್ನ ಕುಂದ್ರಿಸಿಕೊಂಡು ಇಲ್ಲಿಗೆ ಬಂದ್ರು. ಆವತ್ತು ನೀ ನಾಚಿಕೊಂಡು ಮಂಚದ ಮ್ಯಾಲ ಕುಂತಿದ್ದಿ. ಅವರು ನಿನ್ನ ಕುರ್ಚ್ಯಾಗ ಕುಂತು ಮನಿತುಂಬ ಓಡಾಡಿದ್ರು. ಸಂಡಾಸದ ಬಾಗಲಕ್ಕ ಬಡಕೊಂಡ್ರು. ನಲ್ಲಿ ಕೈಗೆ ಸಿಗಲಿಲ್ಲ. ಸ್ವಿಚ್ ಸಿಗಲಿಲ್ಲ. ಆಮ್ಯಾಲ ನನ್ನ ಕಡೆ ತಿರಗಿ, "ಈ ಮನೆ ಪೂರ್ತಿ ನಿಂತ್ಕೊಂಡಿರೋರಿಗೆ ಮಾಡಿರೋದು ಮಹಾದೇವಿ. ಕೂತಿರೋರಿಗೆ ಒಂದು ಮಾಡೋಣ" ಅಂದ್ರು.

ಆವತ್ತಿಂದ ನಾ ಬ್ಯಾರೆ ಏನೂ ವಿಚಾರ ಮಾಡಿಲ್ಲ. ಅಂಗಿ ಹೊಲಸ್ತೀನಿ ಅಂತ ನಿನ್ನ ಅಳತಿ ತಗೊಂಡ್ನೆಲ್ಲ, ತೋಳು ಎತ್ತು, ಮುಂದ ಚಾಚು, ಬಾಜೂಕ ಚಾಚು ಅಂತ. ಅಂಗಿಗೆ ಮಣಕಾಲಿನ ಎತ್ತರ ಯಾಕ ಬೇಕಕ್ಕ ಅಂತ ಕೇಳಿದ್ದಿ ನೀ. ಹೊಸಾ ಫ್ಯಾಶನ್ ಅಂದಿದ್ದೆ. ಅದಕ್ಕ ನಗಾಕತ್ತಿಯಲ್ಲ ಈಗ? ಹಾಂ, ಹಿಂಗ ನಗು. ಹಿಂಗ ಇರು.

ಈ ಅಂಚು ಮುಟ್ಟಿ ನೋಡು. ಎಲ್ಲೂ ಚೂಪಿಲ್ಲ, ಗುಂಡಗ ಐತಿ. ಇದಷ್ಟೂ ನನ್ನ ಕೈಯಾಂದು. ನಿನ್ನ ಮಣಕಾಲು ಹಳೇ ಮಂಚದ ಮೂಲಿಗೆ ತರದು ಗಾಯ ಆಗಿ, ನಿನಗ ಗೊತ್ತಾಗಲಾರದ, ಪ್ಯಾಂಟು ಕೆಂಪಾದ ಮ್ಯಾಲ ನೋಡಿದ್ವೆಲ್ಲ. ಅದಕ್ಕ ಈ ಮನ್ಯಾಗ ಒಂದೂ ಮೂಲಿ ಚೂಪು ಇರಬಾರದು ಅಂತ ಹಟ ಮಾಡಿದೆ. ಸಂಡಾಸದ ಬಾಗಲಾ ಬಾಜೂಕ ಸರಿಯೂ ಹಂಗ ಮಾಡೇವಿ, ಒಳಗ ಹಿಡಕೋಳಾಕ ಸರಳು ಹಾಕೇವಿ, ಕಮೋಡು ನಿನ್ನ ಕುರ್ಚಿ ಎತ್ತರಕ್ಕ ಐತಿ. ಹೊರಗಿನ ಬಾಗಲದ ಹೊಸ್ತಲಾ ತಗಸೇವಿ. ಬರೂವಾಗ ನೋಡಲಿಲ್ಲೇನು, ಸೀದಾ ಬಂದಿ. ಮನಿ ಮಾಲಕ ನಂಜಪ್ಪಾರು ಮದ್ಲ ಒಪ್ಪಲಿಲ್ಲ. ಹೊಸ್ತಲಾ ಕಿತ್ರ ಲಕ್ಷ್ಮಿ ನಿಂದ್ರೂದಿಲ್ಲ ಅಂದ್ರು. ಕೃಷ್ಣಮ್ಮಾರ ಅವರ್ನ ಗದರಸಿದ್ರು, "ಲಕ್ಷ್ಮಿ ಎಂಗೋ ದಾಟ್ಕೊಂಡ್ ಬತ್ತಾಳೆ, ಈ ಉಡುಗ ಎಂಗ್ ದಾಟ್ತಾನೆ ಏಳಿ" ಅಂತ. ಆಮ್ಯಾಲ ಅವರೂ ಒಪ್ಪಿದ್ರು.

ಗ್ವಾಡಿಗೆ ಒಂದು ಹಲಗಿ ಐತಲ್ಲ, ಅದನ್ನ ಕೆಳಗ ಬಿಡು. ಮೇಜು ಆತು. ಮೊಬೈಲ್ ರಿಪೇರಿ ಇಲ್ಲೇ ಮಾಡು. ಬೆಳಕು ಕಿಟಕಿಯಿಂದ ಬರತೈತಿ, ಸ್ಕ್ರೂ ಇಡಾಕ ಸಣ್ಣ ಸಣ್ಣ ತಟ್ಟಿ ಮಾಡೇವಿ. ಕೆಲಸ ಮುಗಿತಂದ್ರ ಮಡಚಿ ಗ್ವಾಡಿಗೆ ಸೇರಸು, ಖೋಲಿ ಮತ್ತ ದೊಡ್ಡದಾತು. ಓಣಿ ಮಂದಿ ಕಿಟಕ್ಯಾಗಿಂದ ಕೊಟ್ಟು ಹೊಕ್ಕಾರ. ಬಾಗಲಕ್ಕ ಎದ್ದು ಹೋಗಿ ಇಸಕೊಳ್ಳಾಕ ನಾ ಬೇಕಾಗೂದಿಲ್ಲ. ಅಂದ್ರ, ನಾ ಫ್ಯಾಕ್ಟರ್ಯಾಗ ಇದ್ದ ಹೊತ್ತಿಗೆ.

ಮಂಚ ನೋಡು. ಕುರ್ಚಿಗೆ ಸಮಾ ಐತಿ, ಬಾಜೂಕ ಹಚ್ಚಿ ಹಂಗ ಸರದ್ರ ಆತು. ಕೆಳಗ ಡ್ರಾವರ್, ಹೊಚ್ಚಿಕಿ ಅದರಾಗ ಅದಾವ. ಹೌದು, ಒಬ್ಬರ ಮಂಚ. ಮತ್ತೇನು, ನಿನ್ನ ಮಂಚಲ್ಲ ಅದು.

ನಂದಾ? ನಂದು... ನಂದು ಬರತೈತಿ. ಸೋಫಾ ಬರೂದೈತಿ ಆ ಮೂಲಿಗೆ, ಹಗಲಿ ಕುಂದ್ರಾಕ, ರಾತ್ರಿ ಎಳದ್ರ ಹಾಸಗಿ. ಇನ್ನ ಬಟ್ಟಿ ಹಚ್ಚಿಲ್ಲ ಅದಕ್ಕ. ಅಲ್ಲಿತನಕ ನೆಲದ ಮ್ಯಾಲ ಮಲಗತೀನಿ. ಮತ್ತ ನನ್ನವು ಈಗ ರಾತ್ರಿ ಪಾಳಿ ಜಾಸ್ತಿ ಅದಾವ ಇರಣ್ಣ, ಆರ್ಡರ್ ಭಾಳ. ಮಲಗಾಕ ಎಲ್ಲಿ ಹೊತ್ತು ಸಿಗತೈತಿ.

ಅದನ್ನ ಯಾಕ ತಗೀತಿ? ಕಪಾಟು ಆಮ್ಯಾಲ ನೋಡೀಯಂತ. ಮದ್ಲ ಚಾ ಮಾಡು, ನಿನ್ನ ಕೈಲೆ ಮಾಡು, ನಾ ಕುಡೀತೀನಿ... ಇರಣ್ಣ.

ಹೂಂ. ನಿನ್ನ ಅಂಗಿ. ನಿನ್ನ ಪ್ಯಾಂಟು. ಎಲ್ಲಾ ನಿನ್ನವ. ಅಂಗಿ ತೂಗಹಾಕೂ ಸರಳು ಐತಲ್ಲ, ಅದೂ ಜಗ್ಗಿದ್ರ ಕೆಳಗ ಬರತೈತಿ. ಅದನ್ನ ಕುಂದ್ರಸಾಕ ಅವರು ಎಷ್ಟ ಒದ್ದಾಡಿದ್ರು ಗೊತ್ತೇನು. ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ತಾವ ಕುರ್ಚ್ಯಾಗ ಕುಂತು ಜಗ್ಗಿ ನೋಡಿ, ಎಡಗೈಲೆ ಜಗ್ಗಿ ನೋಡಿ. ಇನ್ನಷ್ಟು ಹಗರ ಆಗಬೇಕು, ಇರಣ್ಣಗ ಭಾರ ಆಗತೈತಿ ಅಂತ ಅವರ...

ಯಾಕ ಹಂಗ ನೋಡಿದಿ?

ಯಾರಂದ್ರ ಅವರ. ನಮ್ಮ ಫ್ಯಾಕ್ಟರಿ ಫಿಟ್ಟಿಂಗಿನವರು. ನಿನಗ ಗೊತ್ತದಾರಲ್ಲ, ಕುಷ್ಟಗಿ ಕಡ್ಯಾವರು, ಆಸ್ಪತ್ರಿಗೆ ನಿನ್ನ ಎತಗೊಂಡು ಬಂದವರು. ಹೆಸರು ನೀನ ಅನ್ನು. ನಾ ಅನ್ನಂಗಿಲ್ಲ.

ಹೌದು, ಇಷ್ಟು ದಿನ ಹೆಸರು ಹಿಡದ ಕರೀತಿದ್ದೆ. ಬಂದ, ಹೋದ, ಉಂಡ ಅಂತಿದ್ದೆ. ಈಗ ಬಾಯಾಗ ಬರವಲ್ದು. ಗಂಡನ ಹೆಸರು ಹ್ಯಾಂಗ ಅನ್ನಲಿ?

ಆಗೇತಿ ಇರಣ್ಣ. ನೀ ತರಬೇತ್ಯಾಗ ಇದ್ದಾಗ. ಗುಡ್ಯಾಗ ಹಾರ ಹಾಕಿಕೊಂಡು, ಆಫೀಸಿನಾಗ ಸಹಿ ಮಾಡಿ ಬಂದ್ವಿ. ದಿವ್ಯಾ ಮೇಡಂ ಬಂದಿದ್ರು, ಕೃಷ್ಣಮ್ಮಾರು ಬಂದಿದ್ರು. ನಿನಗ ಹೇಳಬೇಕಂತ ಫೋನ್ ಹಚ್ಚಿದ್ದೆ. ನೀ ಫೋನ್ ಎತ್ತಿದವನ ಅಕ್ಕಾ, ನಾ ಇವತ್ತ ಒಬ್ಬನ ಮಂಚಕ್ಕ ಸರದ್ನಿ ಅಂದಿ. ಅಷ್ಟು ಖುಷಿ ಇತ್ತು ನಿನ್ನ ದನ್ಯಾಗ. ಚಲೋ ಆತು ಅಂತ ಅಷ್ಟ ಅಂದು ಫೋನ್ ಇಟ್ಟೆ.

ಏನರ ಅನ್ನು. ಬೈಯಿ ಬೇಕಾದ್ರ. ನನಗೂ ವಯಸ್ಸಾತೋ. ನೋಡಾಕ ಬಂದವರೆಲ್ಲಾ ಚಾ ಕುಡದು, ಕಪ್ಪು ಕೆಳಗಿಟ್ಟು, ಮತ್ತ ಈ ತಮ್ಮಂದು ಹ್ಯಾಂಗ ಅಂತ ಕೇಳತಿದ್ರು. ನೀ ಒಳಗ ಮಲಗಿದಂಗ ಮಾಡತಿದ್ದಿ. ಎಚ್ಚರ ಇರತಿದ್ದಿ ಅಂತ ನನಗ ಗೊತ್ತಿತ್ತು. ಇವರು ಒಬ್ಬರ ಹಂಗ ಕೇಳಲಾರದವರು.

ದೊಡ್ಡನೆಕ್ಕುಂದಿಯೊಳಗ ಮನಿ ಹಿಡದೀವಿ. ಅಲ್ಲಿ ಫ್ಯಾಕ್ಟರಿಯವರದು ಹೊಸಾ ಶೆಡ್ ಆಗೇತಿ, ಇಬ್ಬರಿಗೂ ಅಲ್ಲೇ ಕೆಲಸ. ದೂರ ಅಂದ್ರ ದೂರನ, ಊರಿನ ಈ ತುದಿ ಆ ತುದಿ. ಆದ್ರ ನಾ ಐತವಾರಕ್ಕೊಮ್ಮೆ ಬರತೀನಿ. ದಿನಾ ಫೋನ್ ಮಾಡತೀನಿ. ಕೃಷ್ಣಮ್ಮಾರು ಮುಂಜಾನೆ ಸಂಜಿ ಬಂದು ನೋಡತಾರ, ಒಪ್ಪಿಕೊಂಡಾರ. ನೀ ಇಲ್ಲಿ ರಾಜನಂಗ ಇರತಿ. ನೋಡು ಈ ಮನಿ, ರಾಜಗೋಪಾಲನಗರದಾಗ ಇಂಥಾದ್ದು ಯಾರಿಗೈತಿ ಹೇಳು. ಎಲ್ಲಾ ಕೈಗೆ ಸಿಗತೈತಿ. ಎಲ್ಲಾ ನಿನ್ನ ಕೈಯಳತಿಗೆ.

ಸುಮ್ಮನ ಕುಂದ್ರಬ್ಯಾಡ ಇರಣ್ಣ.

ನಿನ್ನ ಯಾಕ ಕರಕೊಂಡು ಹೋಗವಲ್ಲೆ ಅಂತ ಕೇಳಾಕತ್ತೀಯೇನು? ಬಾಯಿಲೆ ಕೇಳವಲ್ಲಿ, ಕಣ್ಣಿಲೆ ಕೇಳಾಕತ್ತಿ. ಹ್ಯಾಂಗ ಕರಕೊಂಡು ಹೋಗಲಿ? ಮೂರನೇ ಮಾಳಗಿ ಅದು. ಲಿಫ್ಟಿಲ್ಲ. ಪಾವಟಿಗಿ ಅಂತೂ ಬ್ಯಾಡ, ಇಬ್ಬರು ಎದುರಾದ್ರ ಒಬ್ಬರು ಗ್ವಾಡಿಗೆ ಹತ್ತಿ ನಿಂದ್ರಬೇಕು, ಅಷ್ಟು ಇಕ್ಕಟ್ಟು. ಖೋಲಿನೂ ಸಣ್ಣವು. ಮತ್ತ ಅವರಿಗೂ ಇರತೈತಲ್ಲ. ಹೊಸದಾಗಿ ಸಂಸಾರ ಹೂಡಿದವರು. ಗಂಡಸರು ಬಾಯಿ ಬಿಟ್ಟು ಅನ್ನಂಗಿಲ್ಲ, ನಾವ ತಿಳಕೋಬೇಕು. ಅವರಿಗೆ ಮನಸ್ಸಿಲ್ಲ ಅಂದ ಮ್ಯಾಲ ನಾ ಹ್ಯಾಂಗ ಒತ್ತಾಯ ಮಾಡಲಿ...

ಹಂಗ ನೋಡಬ್ಯಾಡ. ಬೈಯಿ, ಅಳು, ಆ ಡಬ್ಬಿ ಎತ್ತಿ ಒಗಿ. ಹಂಗ ನೋಡಬ್ಯಾಡ.

ಸುಳ್ಳು. ಅವರು ಹಂಗ ಅಂದಿಲ್ಲ.

ಮದುವಿ ಮಾತು ಬಂದ ದಿನಾನ ಅಂದಿದ್ರು, ಇರಣ್ಣನೂ ನಮ್ಮ ಜೋಡಿ ಇರತಾನಲ್ಲ, ಅದರಾಗ ಕೇಳೂದೇನೈತಿ ಅಂತ. ಮನಿ ಹುಡಕಾಕ ಹೋದಾಗ ಟೇಪ್ ಹಿಡಕೊಂಡು ಹೋಗಿದ್ರು. ಕೆಳಗಿನ ಮನಿ ಒಂದು ಸಿಕ್ಕಿತ್ತು ಅದ ಓಣ್ಯಾಗ. ಅಂಗಳಕ್ಕ ಸಮಾ ಇತ್ತು. ಬಾಗಲದ ಅಗಲ ಅಳದು ಬಂದು, ಕುರ್ಚಿ ಹಿಡಸ್ತೈತಿ ಮಹಾದೇವಿ, ಇವನ್ನೆಲ್ಲಾ ಬಿಚ್ಚಿ ಅಲ್ಲೇ ಕುಂದ್ರಸೂನು ಅಂದ್ರು. ಅಷ್ಟು ಹುರುಪಿನಾಗ ಅಂದ್ರು.

ನಾ ಒಲ್ಲೆ ಅಂದೆ.

ನಾನ ಅಂದೆ. ಮ್ಯಾಲಿನ ಮನಿ ನೋಡಿ ಬಂದಾಕಿ ನಾನು. ಮೂರನೇ ಮಾಳಗಿ, ಪಾವಟಿಗಿ ಇಕ್ಕಟ್ಟು, ಲಿಫ್ಟಿಲ್ಲ ಅಂತ ಗೊತ್ತಾದ ಮ್ಯಾಲ ಇದ ಇರಲಿ ಅಂದಾಕಿ. ಅವರು ನನ್ನ ಮಾರಿ ನೋಡಿದ್ರು. ಟೇಪ್ ಸುತ್ತಿ ಕಿಸೇದಾಗ ಇಟ್ಟುಕೊಂಡ್ರು.

ಯಾಕಂದ್ರ... ಹ್ಯಾಂಗ ಹೇಳಲಿ. ನೀ ಬಿದ್ದಾಗಿಂದ ನಾ ಒಂದ ಕಿವಿ ತೆರದಿಟಗೊಂಡ ಮಲಗೇನಿ. ನೀ ಮಗ್ಗಲಾ ಬದಲಿಸಿದ್ರ ಎಚ್ಚರ ಆಗತೈತಿ. ನೀ ಕೆಮ್ಮಿದ್ರ ಆಗತೈತಿ. ನೀ ಕೆಮ್ಮಲಿಲ್ಲಂದ್ರ ಇನ್ನೂ ಲಗೂ ಆಗತೈತಿ. ನೀ ತರಬೇತಿಗೆ ಹೋದ ಮದಲನೇ ರಾತ್ರಿ ಈ ಖೋಲ್ಯಾಗ ನಾ ಒಬ್ಬಾಕಿನ ಮಲಗಿದ್ದೆ. ಅಳು ಬರತೈತಿ ಅನಕೊಂಡಿದ್ದೆ. ನಿದ್ದಿ ಬಂತು ಇರಣ್ಣ. ಕಣ್ಣು ತೆರದಾಗ ಬಿಸಿಲು ಒಳಗ ಬಂದಿತ್ತು. ಸಣ್ಣಾಕಿದ್ದಾಗಿಂದ ಹಂಗ ಮಲಗಿರಲಿಲ್ಲ ನಾನು. ಎದ್ದು ಕುಂತು ನನಗ ಅನಸ್ತು, ಯಾರೂ ನನ್ನ ಕರೀಲಾರದ ಮನಿ ಒಂದು ಬೇಕು ಅಂತ. ನೀ ಸೈತ ಕರೀಲಾರದ ಮನಿ. ಆವತ್ತ ದಿವ್ಯಾ ಮೇಡಂ ಹಂತೇಕ ಹೋಗಿ, ಈ ಕೆಲಸ ಲಗೂ ಮುಗಿಸೂನ್ರಿ ಅಂದೆ. ಮೇಡಂ, ನಾ ನಿನ್ನ ಮ್ಯಾಲಿನ ಪ್ರೀತಿಲೆ ಅವಸರ ಮಾಡಾಕತ್ತೀನಿ ಅಂತ ತಿಳಕೊಂಡ್ರು. ಪ್ರೀತಿನೂ ಇತ್ತು. ಇರಲಿಲ್ಲ ಅಂತಲ್ಲ. ಒಂದೊಂದು ಅಂಚು ಕೈಯಾಡಿಸಿ ನೋಡೇನಿ ನಾನು, ನಿನಗ ತರೀಬಾರದು ಅಂತ. ಆದ್ರ ಕೈಯಾಡಸೂವಾಗ ಮನಸ್ಸಿನಾಗ ಇದ್ದದ್ದು ಅದೊಂದ ಅಲ್ಲ.

ಬ್ಯಾಗು ಕೃಷ್ಣಮ್ಮಾರ ಮನ್ಯಾಗ ಇಟ್ಟೀನಿ. ನಮ್ಮ ಮನಿಯವರು ಓಣಿ ಮೂಲ್ಯಾಗ ಚಾದಂಗಡಿ ಮುಂದ ನಿಂತಾರ. ಒಳಗ ಬರ್ರಿ ಅಂದ್ರ, ಮದ್ಲ ನೀನ ಹೇಳು, ನಿನ್ನ ತಮ್ಮಗ ನೀನ ಹೇಳಬೇಕು ಅಂದ್ರು.

ಇಷ್ಟೊತ್ತನ ನಾನ ಮಾತಾಡೀನಿ. ನೀ ಒಂದ ಮಾತು ಅಂದಿಲ್ಲ. ನೀ ಸುಮ್ಮನ ಕುಂತೀ ಅಂತನ ನನ್ನ ಹೊಟ್ಟ್ಯಾಗಿನದೆಲ್ಲಾ ಹೊರಗ ಬಂತು. ನೀ ಬೈದಿದ್ರ ಅರ್ಧಾ ಒಳಗ ಇಟಗೊಂಡು ಹೊಕ್ಕಿದ್ದೆ.

ಈಗ ಏನೋ ಅನ್ನಾಕ ಹೊಂಟಿ. ತಡಿ. ಅನಬ್ಯಾಡ. ನೀ ಏನಂತಿ ನನಗ ಗೊತ್ತೈತಿ. ಹೋಗಕ್ಕ ಅಂತಿ. ನಕ್ಕೋಂತ ಅಂತಿ, ನನ್ನ ಮನಸ್ಸು ಹಗರ ಆಗಲಿ ಅಂತ. ನೀ ಹಂಗ ಅಂದ್ರ ನಾಳಿಂದ ನಾ ಎಲ್ಲಾರ ಮುಂದ, ನನ್ನ ತಮ್ಮನ ಕಳಿಸಿ ಕೊಟ್ಟ ಅಂತ ಹೇಳಿಕೋತ ಅಡ್ಡಾಡತೀನಿ. ನನಗ ನಾನೂ ಹಂಗ ಹೇಳಕೋತೀನಿ.

ಅನಬ್ಯಾಡ ಇರಣ್ಣ. ನೀ ಕಳಸಬ್ಯಾಡ ನನ್ನ. ನಾನ ಬಿಟ್ಟು ಹೊಂಟೀನಿ.